ಕೊಸರಿಗೆ ಖಾತರಿ ಇಲ್ಲ

ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಗುಮಾಸ್ತನಾಗಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಜಗಳ ಎಂದರೆ ನನಗೆ ಬೆಳಗಿನ ಕಾಫಿ ಇದ್ದ ಹಾಗೆ. ‘ಮೇಲೆಲ್ಲ ಕೆಂಪು ಹಣ್ಣು, ಕೆಳಗೆಲ್ಲ ಕೊಳೆತ ಹಣ್ಣು’ ಎಂದು ಕೂಗುವ ವ್ಯಾಪಾರಿ ಒಂದು ಕಡೆ, ‘ನಮ್ಮ ತೋಟದಲ್ಲಿ ಕೊಳೆತ ಹಣ್ಣು ಬಿಡೋದೇ ಇಲ್ಲ’ ಎಂದು ಎದೆ ತಟ್ಟುವ ರೈತ ಇನ್ನೊಂದು ಕಡೆ. ಇಬ್ಬರ ಹೆಗಲ ಮೇಲೂ ಕೈ ಹಾಕಿ, ಇಬ್ಬರಿಗೂ ಟೀ ಕುಡಿಸಿ, ಟೀ ದುಡ್ಡನ್ನು ಅಲ್ಲೇ ನಿಂತು ನೋಡುತ್ತಿದ್ದ ಮೂರನೆಯವನ ಕೈಲಿ ಕೊಡಿಸಿದ ಕೀರ್ತಿ ನನ್ನದು. ಅಂಥವನಿಗೆ ಆನ್‌ಲೈನಿನಲ್ಲಿ ನಾಲ್ಕು ಬಣ್ಣದ ಮೀನು ಮಾರುವುದು ಯಾವ ಮಹಾ ಕೆಲಸ? ಟೊಮ್ಯಾಟೊಗಾದರೂ ಕೊಳೆಯುವ ಚಟವಿದೆ. ಮೀನು ಪಾಪ, ತನ್ನ ಪಾಡಿಗೆ ಈಜಿಕೊಂಡಿರುತ್ತದೆ. ಹಾಗಂತ ತಿಳಿದಿದ್ದೆ!

ಮಂಡಿ ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಈ ವ್ಯಾಪಾರಕ್ಕೆ ಇಳಿದೆ. ಬೆಂಗಳೂರಿನಿಂದ ಸಗಟಾಗಿ ಮೀನು ತರುವುದು, ಊರವರೇ ಊರವರಿಗೆ ಸಾಮಾನು ಮಾರುವ ಒಂದು ಆ್ಯಪ್‌ನಲ್ಲಿ ಫೋಟೊ ಹಾಕುವುದು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಿಂದ ಆರ್ಡರ್ ಬಂದರೂ ಬಸ್ಸಿನಲ್ಲಿ ಕಳಿಸುವುದು. ಈ ಯೋಜನೆಯಲ್ಲಿ ಒಂದೇ ಒಂದು ತೊಡಕಿತ್ತು. ಗಾಜಿನ ತೊಟ್ಟಿಗಳಿಗೆ ಗಾಳಿ, ಬೆಳಕು ಇರುವ ಜಾಗ ಬೇಕು. ನಮ್ಮ ಮನೆಯಲ್ಲಿ ಅಂಥ ಜಾಗ ಎಂದರೆ ರಸ್ತೆ ಕಡೆಯ ಮುಂದಿನ ರೂಮು ಒಂದೇ. ಅಲ್ಲಿ ನನ್ನ ಹೆಂಡತಿ ಸರೋಜಳ ಹೊಲಿಗೆ ಮಿಷನ್ ಇತ್ತು.

ಸರೋಜ ಬ್ಲೌಸ್ ಹೊಲಿಯುತ್ತಾಳೆ. ನಮ್ಮ ಬೀದಿಯಲ್ಲಿ ಮದುವೆಯಾದ ಹೆಣ್ಣುಮಕ್ಕಳೆಲ್ಲ ಅವಳ ಕೈಯ ಬ್ಲೌಸ್ ಹಾಕಿಕೊಂಡೇ ಧಾರೆಗೆ ನಿಂತವರು. ಆದರೂ ನನ್ನ ಉದ್ಯಮ ದೊಡ್ಡದಲ್ಲವೇ? ಮಿಷನ್ ಅಡುಗೆಮನೆ ಪಕ್ಕದ ಮೂಲೆಗೆ ಹೋಯಿತು. ಆ ಮೂಲೆಯಲ್ಲಿ ಹಗಲಲ್ಲೂ ಕತ್ತಲೆ. ಅವಳು ಮೊಬೈಲಿನ ಟಾರ್ಚ್ ಹಾಕಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸುವುದನ್ನು ನೋಡಿದಾಗ ನನಗೂ ಕರುಳು ಚುರುಕ್ ಎನ್ನುತ್ತಿತ್ತು. ಹಾಗಾಗಿ ಆ ಕಡೆ ನೋಡುವುದನ್ನೇ ಬಿಟ್ಟೆ.

“ರೀ, ಒಂದು ಮಾತು,” ಎಂದಳು ಸರೋಜ, ಟಾರ್ಚನ್ನು ಬಾಯಿಂದ ತೆಗೆದು. “ನಿಮ್ಮ ಆ್ಯಪ್‌ನಲ್ಲಿ ಕೊಂಡೋರು ಸ್ಟಾರ್ ಕೊಡ್ತಾರಂತಲ್ಲ? ಆ ಸ್ಟಾರು ನಾಲ್ಕರ ಮೇಲೆ ಇರೋವರೆಗೂ ರೂಮು ನಿಮ್ದು. ನಾಲ್ಕಕ್ಕಿಂತ ಕೆಳಗೆ ಬಂದ ದಿನ ನನ್ನ ಮಿಷನ್ ಮುಂದಕ್ಕೆ, ನಿಮ್ಮ ತೊಟ್ಟಿ ಆಚೆಗೆ. ಆಯ್ತಾ?”

“ನಾಲ್ಕೇ? ಐದಕ್ಕಿಂತ ಒಂದು ಕೂದಲೆಳೆ ಕೆಳಗೆ ಬಂದ್ರೂ ಕೇಳು ಕಣೆ!”

“ಬೇಡ, ನಾಲ್ಕೇ ಇರ್ಲಿ. ನಿಮ್ಮ ಕೈಲಿ ಆಗೋ ಮಾತು ಹೇಳಿ.”

ಒಪ್ಪಂದವಾಯಿತು. ವ್ಯಾಪಾರ ಶುರುವಾಯಿತು. ದೂರುಗಳೂ ಶುರುವಾದವು.

ಮೊದಲ ದೂರು ಮಾಲೂರಿನ ಒಬ್ಬ ಟೀಚರಮ್ಮನದು. ಅವರಿಗೆ ಕೆಂಪು ಬಣ್ಣದ ಪುಟಾಣಿ ಸಿಗಡಿಗಳನ್ನು ಕಳಿಸಿದ್ದೆ. ‘ನಿಮ್ಮ ಸಿಗಡಿ ತೀರಿಕೊಂಡಿದೆ’ ಎಂದು ಫೋಟೊ ಬಂತು. ನೋಡಿದರೆ ನಿಜ, ತಲೆ, ಮೀಸೆ, ಬಾಲ ಎಲ್ಲ ಇದ್ದ ಸಿಗಡಿ ಅಂಗಾತ ಬಿದ್ದಿತ್ತು. ಮಂಡಿಯ ಮರ್ಯಾದೆ ಏನು? ಮಾಲು ಕೆಟ್ಟರೆ ಬದಲಿ ಮಾಲು. ಮರು ಬಸ್ಸಿಗೇ ಬದಲಿ ಕಳಿಸಿದೆ. ಮತ್ತೆ ಫೋಟೊ ಬಂತು. ಮತ್ತೆ ಕಳಿಸಿದೆ. ಟೀಚರಮ್ಮನ ಮನೆಯಲ್ಲಿ ಸಿಗಡಿಗಳಿಗೆ ಏನೋ ಮಾರಿ ಹೊಕ್ಕಿದೆ ಎಂದುಕೊಂಡೆ. ಆಮೇಲೆ ಬೆಂಗಳೂರಿನ ಸಗಟು ವ್ಯಾಪಾರಿ ಫೋಟೊ ನೋಡಿ ಬಿದ್ದು ಬಿದ್ದು ನಕ್ಕ. ಸಿಗಡಿ ಬೆಳೆದ ಹಾಗೆಲ್ಲ ಪೊರೆ ಬಿಡುತ್ತದಂತೆ! ಸತ್ತದ್ದು ಸಿಗಡಿಯಲ್ಲ, ಅದು ಬಿಚ್ಚಿಟ್ಟ ಅಂಗಿ. ಒಂದೊಂದು ಅಂಗಿಗೂ ನಾನು ಒಂದೊಂದು ಸಿಗಡಿ ಕೊಟ್ಟಿದ್ದೆ. ಟೀಚರಮ್ಮನ ತೊಟ್ಟಿಯಲ್ಲಿ ಆ ಹೊತ್ತಿಗೆ ಸಿಗಡಿಗಳ ಜಾತ್ರೆಯೇ ಸೇರಿತ್ತು. ಅವರು ಮಾತ್ರ ಐದು ಸ್ಟಾರ್ ಕೊಟ್ಟಿದ್ದರು.

ಇನ್ನು ಹೀಗೆ ನಡೆಯುವುದಿಲ್ಲ ಎಂದು ಕನ್ನಡಕ ಏರಿಸಿ, ಮಂಡಿಯಲ್ಲಿ ಕರಾರು ಬರೆದ ಕೈಯಿಂದಲೇ ನಿಯಮಾವಳಿ ಬರೆದು ಆ್ಯಪ್‌ನಲ್ಲಿ ಹಾಕಿದೆ.

‘ಗ್ರಾಹಕ ಮಹಾಶಯರ ಅವಗಾಹನೆಗೆ: ಸತ್ತು ತಲುಪಿದ ಮೀನಿಗೆ ಬದಲಿ ಮೀನು ಒದಗಿಸಲಾಗುವುದು. ಆದರೆ ಮೀನು ಕೈಸೇರಿದ ತತ್‌ಕ್ಷಣ ಕವರನ್ನು ಬಿಚ್ಚದೆ, ನಡುವೆ ಎಲ್ಲಿಯೂ ನಿಲ್ಲಿಸದೆ, ಅಖಂಡ ವಿಡಿಯೊ ಮಾಡತಕ್ಕದ್ದು. ವಿಡಿಯೊ ಮುಗಿಯುವ ಮುನ್ನ ಕವರ್ ಬಿಚ್ಚಿದಲ್ಲಿ ಖಾತರಿಯು ತಾನೇ ತಾನಾಗಿ ರದ್ದಾಗತಕ್ಕದ್ದು.’

ಸರೋಜ ಓದಿ ನೋಡಿ ಕೇಳಿದಳು, “ಏನ್ರೀ, ಮೀನು ಮಾರ್ತಿದ್ದೀರೋ, ಜಮೀನು ಮಾರ್ತಿದ್ದೀರೋ?”

ವ್ಯಾಪಾರದ ಗಾಂಭೀರ್ಯ ಹೆಂಗಸರಿಗೆ ಅರ್ಥವಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಅನ್ನುವಷ್ಟು ಧೈರ್ಯ ಇರಲಿಲ್ಲ.

ಅಷ್ಟರಲ್ಲಿ ಯಲ್ದೂರಿನಿಂದ ಮಾವಿನ ತೋಟದವರೊಬ್ಬರ ಆರ್ಡರ್ ಬಂತು. ಹತ್ತು ಗಪ್ಪಿ ಮೀನು. ಕೊನೆಯಲ್ಲಿ ಒಂದು ಸಾಲು ಬರೆದಿದ್ದರು: ‘ಅಣ್ಣಾ, ಹತ್ತಕ್ಕೆ ಕೊಸರು ಏನೂ ಇಲ್ವಾ?’

ಆ ಒಂದು ಮಾತಿಗೆ ನನ್ನ ಮೈಯೆಲ್ಲ ಝುಂ ಎಂದಿತು. ಕೊಸರು! ಸೊಪ್ಪಿನವಳು ಕಟ್ಟಿನ ಮೇಲೆ ಹಾಕುವ ನಾಲ್ಕು ಕಡ್ಡಿ, ಹೂವಿನವಳು ಮೊಳ ಅಳೆದ ಮೇಲೆ ಬಿಡುವ ಗೇಣು, ಕಡ್ಲೆಪುರಿಯವನು ಅಳತೆ ಮುಗಿಸಿ ಮೇಲೆ ಎರಚುವ ಹಿಡಿ. ಅದಕ್ಕೆ ಕಾಸಿಲ್ಲ. ಆದರೆ ಅದಿಲ್ಲದೆ ನಮ್ಮ ಕಡೆ ವ್ಯಾಪಾರ ಮುಗಿಯುವುದೂ ಇಲ್ಲ. ಮಂಡಿಯಲ್ಲಿ ಹುಟ್ಟಿ ಬೆಳೆದ ನಾನು ಇಷ್ಟು ದಿನ ಕೊಸರಿಲ್ಲದೆ ಮೀನು ಕಳಿಸುತ್ತಿದ್ದೆನೇ? ಛೆ! ನನ್ನ ಮೇಲೆ ನನಗೇ ನಾಚಿಕೆಯಾಯಿತು. ಕೂಡಲೇ ನಿಯಮಾವಳಿಗೆ ಇನ್ನೊಂದು ಸಾಲು ಸೇರಿಸಿದೆ.

‘ಪ್ರತಿ ಆರ್ಡರಿಗೂ ಒಂದು ಜೀವ ಕೊಸರು. ಕೊಸರಿಗೆ ಖಾತರಿ ಇಲ್ಲ. ಕೊಸರನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ.’

ನಂಬಿದರೆ ನಂಬಿ, ವ್ಯಾಪಾರ ದಿಢೀರನೆ ಎದ್ದುಬಿಟ್ಟಿತು. ಹತ್ತು ಗಪ್ಪಿ ಕೊಂಡವರಿಗೆ ಹನ್ನೊಂದು ಬಂತು. ವಕ್ಕಲೇರಿಯ ಹಾಲಿನವರೊಬ್ಬರು ಗೋಲ್ಡ್ ಫಿಶ್ ಕೊಂಡರೆ ಅವರಿಗೊಂದು ಬಸವನಹುಳ ಕೊಸರು. ‘ಬೆಂಗಳೂರಲ್ಲಿ ಹಿಂಗೆ ಯಾರು ಕೊಡ್ತಾರೆ ಸಾರ್?’ ಎಂದು ಜನ ಹಾಡಿ ಹೊಗಳಿದರು. ನಾನು ಬೇಕೆಂದೇ ಅಡುಗೆಮನೆ ಪಕ್ಕದ ಮೂಲೆಗೆ ಹೋಗಿ, “ನೋಡೆ, ಐದು ಸ್ಟಾರ್!” ಎಂದು ಮೊಬೈಲು ತೋರಿಸುತ್ತಿದ್ದೆ. “ಆ ಬೆಳಕು ಸ್ವಲ್ಪ ಈ ಕಡೆ ಹಿಡೀರಿ,” ಎಂದು ಸರೋಜ ನನ್ನ ಐದು ಸ್ಟಾರಿನ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಿಕೊಳ್ಳುತ್ತಿದ್ದಳು.

ಆಗ ಬಂತು ಮುಳಬಾಗಿಲಿನ ಆರ್ಡರ್.

ಕೊಂಡವರು ಚಲಪತಿ, ಮುಳಬಾಗಿಲಿನಲ್ಲಿ ದೋಸೆ ಹೋಟೆಲು ಇಟ್ಟವರು. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಗಾಜಿನ ಜಾಡಿಯಲ್ಲಿ ಒಂದು ಮೀನಿದ್ದರೆ ವ್ಯಾಪಾರ ವೃದ್ಧಿ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಒಂದು ಫೈಟರ್ ಮೀನು ಬೇಕು ಎಂದರು. ಫೈಟರ್ ಎಂದರೆ ಬೆರಳುದ್ದದ, ರೇಷ್ಮೆ ಸೆರಗಿನಂಥ ರೆಕ್ಕೆಯ, ನೋಡಲು ಬಲು ಸುಂದರ ಮೀನು. ಗಂಡು ಮೀನುಗಳನ್ನು ಬೇರೆ ಬೇರೆ ಬಾಟಲಿಯಲ್ಲೇ ಇಡಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ಬರೆಯುತ್ತಲೂ ಇರಲಿಲ್ಲ.

ಕೆಂಪು ಫೈಟರ್ ಅನ್ನು ಕವರಿಗೆ ಹಾಕಿದೆ. ಕೈ ತನ್ನ ಪಾಡಿಗೆ ಕೊಸರಿಗೆ ಹೋಯಿತು. ಒಂದು ನೀಲಿ ಫೈಟರ್ ಅನ್ನು ಎತ್ತಿ ಅದೇ ಕವರಿಗೆ ಬಿಟ್ಟೆ. ಕೊಸರು ಎಂದ ಮೇಲೆ ಕೊಂಡ ಮಾಲಿನ ಮೇಲೆಯೇ ಬೀಳಬೇಕು. ಬೇರೆ ಚೀಲಕ್ಕೆ ಹಾಕಿದರೆ ಅದು ಕೊಸರು ಹೇಗಾಗುತ್ತದೆ?

ಪಕ್ಕದಲ್ಲಿ ರಬ್ಬರ್ ಬ್ಯಾಂಡ್ ಹಿಡಿದು ನಿಂತಿದ್ದ ಸರೋಜ ಹುಬ್ಬು ಗಂಟಿಕ್ಕಿದಳು.

“ರೀ, ಇದರ ಹೆಸರೇ ಫೈಟರ್ ಅಲ್ವಾ? ಎರಡನ್ನೂ ಒಂದ್ರಲ್ಲೇ ಹಾಕ್ತಿದ್ದೀರಲ್ಲ?”

“ಅದು ಬಿರುದು ಕಣೆ. ಅಲ್ಲದೆ ಮುಳಬಾಗಿಲಿಗೆ ಎಷ್ಟು ದೂರ? ಇವೆರಡಕ್ಕೂ ಪರಿಚಯ ಆಗೋ ಅಷ್ಟರಲ್ಲಿ ಊರು ಬಂದಿರುತ್ತೆ.”

“ಬೇಡ ಅಂತೀನಿ.”

“ನೀನು ಬ್ಯಾಂಡ್ ಹಾಕು.”

ಹಾಕಿದಳು. ಕವರನ್ನು ರಟ್ಟಿನ ಡಬ್ಬಿಯಲ್ಲಿಟ್ಟು ‘ಜೀವಂತ ಮೀನು, ಎಚ್ಚರಿಕೆ’ ಎಂದು ದಪ್ಪಕ್ಷರದಲ್ಲಿ ಬರೆದು ಬಸ್ಸಿಗೆ ಒಯ್ದೆ. ಕಂಡಕ್ಟರ್ ಓದಿ, “ಕಚ್ತವಾ ಸಾರ್?” ಎಂದ. “ಸಾಧು ಪ್ರಾಣಿ ಕಣಯ್ಯ,” ಎಂದು ಡಬ್ಬಿಯ ಬೆನ್ನು ತಟ್ಟಿ ಕಳಿಸಿದೆ.

ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ವಿಡಿಯೊ ಬಂತು. ಮೊದಲು ಹೋಟೆಲಿನ ಫ್ಯಾನು ಕಂಡಿತು, ಆಮೇಲೆ ಚಲಪತಿಯವರ ಹೆಬ್ಬೆರಳು, ಆಮೇಲೆ ಚಟ್ನಿ ಬಕೆಟ್ಟು. ಕೊನೆಗೂ ಟೇಬಲ್ಲಿನ ಮೇಲೆ ನನ್ನ ಕವರು. ಒಳಗೆ ಕೆಂಪು ಮತ್ತು ನೀಲಿ ಸುಂಟರಗಾಳಿ! ಸುತ್ತಲೂ ದೋಸೆ ತಿನ್ನುವುದನ್ನು ಬಿಟ್ಟು ಎದ್ದು ನಿಂತ ಗಿರಾಕಿಗಳು.

“ಕೆಂಪಿನ ಕಡೆ ನಾನು!”

“ನೀಲೀದೇ ಕಣ್ಲಾ ಗೆಲ್ಲೋದು, ಅದರ ಗತ್ತು ನೋಡು!”

“ಅಯ್ಯೋ ಹಿಡೀತು, ಹಿಡೀತು, ಕೆಂಪು ಹಿಡೀತು!”

ನನ್ನ ಬಾಯಿಗೆ ಹೋಗುತ್ತಿದ್ದ ಮುದ್ದೆ ಅಲ್ಲೇ ನಿಂತಿತು. ವಿಡಿಯೊ ನಿಲ್ಲಲಿಲ್ಲ. ನಾನೇ ಬರೆದ ಹಾಗೆ ಅದು ಅಖಂಡವಾಗಿತ್ತು. ಕೊನೆಯಲ್ಲಿ ನೀಲಿ ಮೀನು ಅಡ್ಡಡ್ಡಲಾಗಿ ಮೇಲಕ್ಕೆ ತೇಲಿ ಬಂತು. “ಚಚ್ಚಿಪೋಯಿಂದಯ್ಯಾ!” ಎಂದು ತೆಲುಗಿನಲ್ಲಿ ಯಾರೋ ಮರಣ ಘೋಷಣೆ ಮಾಡಿದರು. ವಿಡಿಯೊ ಮುಗಿಯಿತು.

ನಾನು ತಕ್ಷಣ ಫೋನು ಮಾಡಿ ಕೂಗಾಡಿದೆ. “ಏನ್ ಸ್ವಾಮಿ, ಕಣ್ಣೆದುರಿಗೇ ಹೊಡೆದಾಡ್ತಾ ಇದ್ರೆ ನೋಡ್ತಾ ನಿಂತಿದ್ರಲ್ಲ? ಕವರ್ ಬಿಚ್ಚಿ ಬೇರೆ ಮಾಡಬಾರದಿತ್ತಾ?”

“ಹೆಂಗೆ ಬಿಚ್ಚೋದು ಸ್ವಾಮಿ?” ಎಂದರು ಚಲಪತಿ, ಬಲು ಶಾಂತವಾಗಿ. “ನಿಮ್ಮ ರೂಲು ಇಲ್ಲೇ ಕೈಲಿ ಹಿಡ್ಕೊಂಡಿದ್ದೆ. ವಿಡಿಯೊ ಮುಗಿಯೋ ಮುಂಚೆ ಕವರ್ ಬಿಚ್ಚಿದ್ರೆ ಗ್ಯಾರಂಟಿ ರದ್ದಾಗ್ತದೆ ಅಂತ ನೀವೇ ಬರೆದಿದ್ದೀರಿ. ನಡುವೆ ಎಲ್ಲೂ ನಿಲ್ಲಿಸಬಾರದು ಅಂತಾನೂ ಬರೆದಿದ್ದೀರಿ. ಅದಕ್ಕೇ ಸಾಯೋ ತನಕ ಕಾದು, ಪೂರ್ತಿ ವಿಡಿಯೊ ಮಾಡಿದ್ದೀನಿ. ನನ್ನ ಕಡೆಯಿಂದ ಏನಾದ್ರೂ ಲೋಪ ಆಯ್ತಾ?”

ಆಗಿರಲಿಲ್ಲ. ನನ್ನ ಇಡೀ ಜೀವಮಾನದಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ ಮನುಷ್ಯ ಅವರೊಬ್ಬರೇ!

ಚಲಪತಿ ಆ್ಯಪ್‌ನಲ್ಲೂ ದೂರು ದಾಖಲಿಸಿದರು. ಅಲ್ಲಿ ಕಾರಣ ಆರಿಸಬೇಕು: ಬಣ್ಣ ಇಷ್ಟವಾಗಲಿಲ್ಲ, ಅಳತೆ ಸರಿಹೊಂದಲಿಲ್ಲ, ಮನಸ್ಸು ಬದಲಾಯಿತು. ಸತ್ತುಹೋಯಿತು ಎಂಬ ಕಾರಣ ಇರಲಿಲ್ಲ. ಅವರು ‘ಅಳತೆ ಸರಿಹೊಂದಲಿಲ್ಲ’ ಎಂದು ಒತ್ತಿ ಒಂದು ಸ್ಟಾರ್ ಕೊಟ್ಟರು. ಆ್ಯಪ್‌ನಿಂದ ನನಗೆ ಸಂದೇಶ ಬಂತು: ‘ಪ್ರಿಯ ಮಾರಾಟಗಾರರೇ, ನಿಮ್ಮ ಉತ್ಪನ್ನವನ್ನು ಮೂಲ ಸ್ಥಿತಿಯಲ್ಲಿ ಹಿಂಪಡೆದು ದೊಡ್ಡ ಅಳತೆಯದನ್ನು ನೀಡಿ.’ ಮೂಲ ಸ್ಥಿತಿ! ಅದನ್ನು ಕೊಡಬಲ್ಲವನು ಮೇಲಿದ್ದಾನೆ, ಅವನಿಗೆ ಆ್ಯಪ್ ಇಲ್ಲ.

ಅಷ್ಟು ಹೊತ್ತಿಗೆ ಬೇರೆ ಸಣ್ಣಪುಟ್ಟ ದೂರುಗಳೂ ಸೇರಿ ನನ್ನ ಐದು ಸ್ಟಾರು ಜಾರಿ ಜಾರಿ ನಾಲ್ಕರ ಅಂಚಿಗೆ ಬಂದು ನೇತಾಡುತ್ತಿತ್ತು. ಇನ್ನೊಂದು ಸಣ್ಣ ತಳ್ಳು ಸಾಕು, ರೂಮು ಹೋಯಿತು. ಸರೋಜ ಟೇಪು ತಂದು ಮುಂದಿನ ರೂಮಿನ ಕಿಟಕಿ ಕೆಳಗಿನ ಜಾಗವನ್ನು ಅಳೆದು ಹೋದಳು, ಅಷ್ಟೇ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾನು ಚಲಪತಿಯವರಿಗೆ ಮತ್ತೆ ಫೋನು ಮಾಡಿದೆ. “ಆಯ್ತು, ಬದಲಿ ಮೀನು ಕೊಡ್ತೀನಿ. ಆ ಸ್ಟಾರ್ ಒಂದು ಸರಿಮಾಡಿ.”

“ಸಂತೋಷ. ಬದಲಿ ಮೀನಿಗೂ ಕೊಸರು ಉಂಟಲ್ಲ?”

ಫೋನಿನಲ್ಲಿ ಇದು ಮುಗಿಯುವ ವ್ಯವಹಾರವಲ್ಲ ಎಂದು ತಿಳಿಯಿತು. ಮರುದಿನ ಬೆಳಗ್ಗೆ ಹಸಿರು ಬಣ್ಣದ ಒಂದೇ ಒಂದು ಫೈಟರ್ ಅನ್ನು ಕವರಿನಲ್ಲಿ ಹಿಡಿದುಕೊಂಡು ಮುಳಬಾಗಿಲಿನ ಬಸ್ಸು ಹತ್ತಿದೆ. ಮಂಡಿಯವನು ಎದುರುಬದುರು ಕೂತರೆ ಸೋಲುವುದಿಲ್ಲ. ಕೊಟ್ಟರೆ ಕೊನೆಯ ಅಸ್ತ್ರವಾಗಿ ಬದಲಿ ಕೊಡುವುದು. ಅದಕ್ಕೂ ಮೊದಲು ವಾದ ಮಾಡುವುದು.

ಹೋಟೆಲು ತಿಂಡಿಯ ಗದ್ದಲದಲ್ಲಿತ್ತು. ಗಲ್ಲಾದಲ್ಲಿ ಚಲಪತಿ, ಪಕ್ಕದ ಜಾಡಿಯಲ್ಲಿ ಗೆದ್ದ ಕೆಂಪು ಮೀನು. ರೆಕ್ಕೆ ಚಿಂದಿಯಾಗಿತ್ತು, ಗತ್ತು ಕಡಿಮೆಯಾಗಿರಲಿಲ್ಲ. ನಾನು ಯಾರೆಂದು ತಿಳಿದ ಕೂಡಲೇ ಗಿರಾಕಿಗಳೆಲ್ಲ ತಟ್ಟೆ ಹಿಡಿದುಕೊಂಡೇ ಸುತ್ತ ನೆರೆದರು. ಪಂಚಾಯಿತಿ ಕೂಡಿತು.

“ನೋಡಿ ಸ್ವಾಮಿ,” ಎಂದೆ, “ನೀವು ಕಾಸು ಕೊಟ್ಟಿದ್ದು ಒಂದು ಮೀನಿಗೆ. ಆ ಮೀನು ಇಲ್ಲೇ ಜಾಡೀಲಿದೆ. ಸತ್ತಿದ್ದು ಕೊಸರು. ಕೊಸರಿಗೆ ಖಾತರಿ ಇಲ್ಲ.”

“ನಮ್ಮ ಹೋಟ್ಲಲ್ಲಿ ದೋಸೆಗೆ ಕಾಸು, ಚಟ್ನಿ ಕೊಸರು,” ಎಂದರು ಚಲಪತಿ. “ಚಟ್ನಿ ಹಳಸಿ ನಿಮಗೆ ಹೊಟ್ಟೆ ಕೆಟ್ರೆ, ಕೊಸರು ತಾನೆ ಅಂತ ಸುಮ್ನೆ ಓಡಾಡ್ತೀರಾ? ನನ್ನ ಕೊರಳಪಟ್ಟಿ ಹಿಡಿಯಲ್ವಾ?”

“ಹಂಗ್ ಕೇಳು!” ಎಂದು ನಾಲ್ಕೈದು ತಟ್ಟೆಗಳು ಒಟ್ಟಿಗೆ ಅಲ್ಲಾಡಿದವು.

ನಾನು ಸೋಲುವವನೇ? “ಇಲ್ಲಿ ಚಟ್ನಿ ಹಳಸಿಲ್ಲ ಸ್ವಾಮಿ. ನಿಮ್ಮ ದೋಸೇನೇ ಎದ್ದು ಹೋಗಿ ಚಟ್ನೀನ ಹೊಡೆದು ಕೊಂದಿದೆ. ದೋಸೆ ಗಟ್ಟಿಮುಟ್ಟಾಗಿ ಕೂತಿದೆ. ದೋಸೆ ಕೊಂಡೋರಿಗೆ ಏನು ನಷ್ಟ?”

ಹೋಟೆಲಿನಲ್ಲಿ ನಗೆಯೋ ನಗೆ. ಮೂಲೆಯಲ್ಲಿದ್ದ ತಾತ ಒಬ್ಬರು, “ಪಾಯಿಂಟೈತೆ,” ಎಂದರು. ಚಲಪತಿಯೂ ಹಳೇ ಹುಲಿ. ಅಷ್ಟಕ್ಕೆ ಬಿಡಲಿಲ್ಲ.

“ಸತ್ತಿದ್ದೇ ದೋಸೆ, ಉಳಿದಿದ್ದು ಚಟ್ನಿ ಅಂತ ನಾನಂತೀನಿ! ನಾನು ಕೊಂಡಿದ್ದು ನೀಲಿ. ಕೆಂಪು ನೀವು ಕೊಟ್ಟ ಕೊಸರು. ನಿಮ್ಮ ಕೊಸರು ನನ್ನ ಮಾಲನ್ನ ಕೊಂದಿದೆ. ಈಗ ಏನಂತೀರಾ?”

ಫೋಟೊದಲ್ಲಿ ಎರಡು ಬಣ್ಣವೂ ಇತ್ತು. ಆರ್ಡರಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಯಾವುದು ಮಾಲು, ಯಾವುದು ಕೊಸರು ಎಂಬುದು ಆ ಎರಡು ಮೀನಿಗೂ ಗೊತ್ತಿರಲಾರದು. ಮೂಲೆಯ ತಾತನೇ ದಾರಿ ತೋರಿಸಿದರು. “ಕೊಸರು ಯಾವಾಗ್ಲೂ ಕಡೇಗೆ ಹಾಕೋದಲ್ವೇನಪ್ಪಾ? ಕಡೇಗೆ ಬಿದ್ದಿದ್ದು ಯಾವ್ದು, ಅದನ್ನ ಹೇಳು. ನೋಡಿದೋರು ಇದ್ದಾರಾ?”

ನೋಡಿದವಳು ಒಬ್ಬಳೇ ಇದ್ದಳು. ಅವಳಿಗೆ ಆ ರೂಮು ಬೇಕಿತ್ತು. ಕಡೆಗೆ ಹಾಕಿದ್ದು ಕೆಂಪು ಎಂದು ಒಂದು ಮಾತು ಅಂದರೆ ಸಾಕು, ಮಿಷನ್ ಅದೇ ದಿನ ಕಿಟಕಿ ಕೆಳಗೆ ಬಂದು ಕೂರುತ್ತಿತ್ತು. ಸ್ಪೀಕರ್ ಒತ್ತಿ ಫೋನು ಮಾಡಿದೆ.

“ಸರೋಜ, ಆವತ್ತು ಕವರಿಗೆ ಕಡೇಗೆ ಹಾಕಿದ್ದು ಯಾವ ಮೀನು? ಜ್ಞಾಪಕ ಮಾಡ್ಕೊಂಡು ಹೇಳು.”

ಮಿಷನ್ನಿನ ಸದ್ದಿನ ನಡುವೆಯೇ ಉತ್ತರ ಬಂತು.

“ನೀಲಿ,” ಎಂದಳು ಸರೋಜ. “ನಾನು ಬೇಡ ಅಂದೆ, ನೀವು ಕೇಳ್ಲಿಲ್ಲ. ಅದನ್ನೂ ಅಲ್ಲಿರೋರಿಗೆ ಹೇಳಿ.”

ಹೇಳಬೇಕಾಗಿರಲಿಲ್ಲ, ಸ್ಪೀಕರ್ ಆನ್ ಇತ್ತು. ಇಡೀ ಹೋಟೆಲು ಘೊಳ್ಳೆಂದಿತು. ಆದರೂ ನಾನು ಗೆದ್ದೆ! ಚಲಪತಿ ಮಾತಿನ ಮನುಷ್ಯ. “ಅಮ್ಮ ಹೇಳಿದ ಮೇಲೆ ಮುಗೀತು,” ಎಂದು ಅಲ್ಲೇ ಮೊಬೈಲು ತೆಗೆದು ಒಂದು ಸ್ಟಾರನ್ನು ನಾಲ್ಕು ಮಾಡಿದರು. ದೋಸೆ ತಿನ್ನಿಸಿದರು. ಚಟ್ನಿ ಎರಡು ಸಲ ಹಾಕಿಸಿದರು. ಬದಲಿ ಮೀನನ್ನು ಕೊಡುವ ಪ್ರಮೇಯವೇ ಬರಲಿಲ್ಲ. ಹಸಿರು ಫೈಟರ್ ಅನ್ನು ತೊಡೆಯ ಮೇಲೆ ಕೂರಿಸಿಕೊಂಡು, ಯುದ್ಧ ಗೆದ್ದ ಪಾಳೇಗಾರನಂತೆ ಕೋಲಾರದ ಬಸ್ಸಿನಲ್ಲಿ ಕೂತೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ರೂಮು ಇವತ್ತಿಗೂ ನನ್ನದೇ. ಆದರೆ ಗೆದ್ದ ಮನುಷ್ಯ ಗೆದ್ದೆ ಎಂದು ನಾಲ್ಕು ಜನಕ್ಕೆ ಹೇಳದಿದ್ದರೆ ಊಟ ಸೇರುತ್ತದೆಯೇ? ಬಸ್ಸಿನಲ್ಲೇ ಒಂದು ಪ್ರಕಟಣೆ ಬರೆದು, ನನ್ನಲ್ಲಿ ಅದುವರೆಗೆ ಮೀನು ಕೊಂಡ ಎಲ್ಲರಿಗೂ ಕಳಿಸಿಬಿಟ್ಟೆ.

‘ಮಾನ್ಯರೇ, ಮುಳಬಾಗಿಲಿನ ಗ್ರಾಹಕರೊಬ್ಬರ ದೂರನ್ನು ಸ್ಥಳದಲ್ಲೇ ಸಾಕ್ಷಿ ಸಮೇತ ವಿಚಾರಿಸಲಾಗಿ, ಸತ್ತದ್ದು ಕೊಸರು ಎಂದು ತೀರ್ಮಾನವಾಗಿರುತ್ತದೆ. ಕೊಸರಿಗೆ ಖಾತರಿ ಇಲ್ಲವೆಂಬುದನ್ನು ಎಲ್ಲರೂ ಮನಗಾಣತಕ್ಕದ್ದು.’

ಬಸ್ಸು ಕೋಲಾರ ಸೇರುವಷ್ಟರಲ್ಲಿ ಎಲ್ಲರೂ ಮನಗಂಡಿದ್ದರು!

ಮೊದಲು ಯಲ್ದೂರಿನ ಮಾವಿನ ತೋಟದವರ ಫೋನು. “ಅಣ್ಣಾ, ನಂಗೆ ಹನ್ನೊಂದು ಗಪ್ಪಿ ಬಂದಿತ್ತು. ಒಂದು ಹೋಯ್ತು. ಕೊಸರು ಹೋಗಿರ್ಬೇಕು ಬಿಡು ಅಂತ ಸುಮ್ನಿದ್ದೆ. ಈಗ ನೋಡಿದ್ರೆ ನೀವು ಸಾಕ್ಷಿ ಎಲ್ಲ ಕರೆಸಿ ವಿಚಾರಿಸ್ತೀರಂತೆ. ಹೋಗಿದ್ದು ಕೊಸರೇ ಅಂತ ಏನು ಗ್ಯಾರಂಟಿ? ಕೊಸರಿಗೆ ಗುರುತು ಹಾಕಿದ್ರಾ?”

ಹಾಕಿರಲಿಲ್ಲ. “ಅಂದಾಜಿಗೆ ಕೊಸರೇ ಇರ್ಬೇಕು,” ಎಂದೆ. “ಅಂದಾಜಿಗೆ ಎರಡು ಸ್ಟಾರ್ ತಗೊಳ್ಳಿ,” ಎಂದು ಫೋನಿಟ್ಟರು.

ಮಾಲೂರಿನ ಟೀಚರಮ್ಮ ಫೋನು ಮಾಡಲಿಲ್ಲ, ಬರೆದರು. ‘ಸತ್ತ ಜೀವಕ್ಕೆ ಕೊಸರು ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಸಂಸ್ಕಾರವಲ್ಲ. ನಿಮ್ಮ ಪ್ರಕಟಣೆಯಲ್ಲಿ ಕಾಗುಣಿತ ಚೆನ್ನಾಗಿದೆ.’ ಐದು ಸ್ಟಾರ್ ಇದ್ದದ್ದು ಎರಡಾಯಿತು. ಆ ಎರಡೂ ಕಾಗುಣಿತಕ್ಕೆ ಕೊಟ್ಟದ್ದಿರಬೇಕು.

ಮನೆ ಮುಂದೆ ಬಂದು ನೋಡಿದರೆ ವಕ್ಕಲೇರಿಯ ಹಾಲಿನವರು ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಬೈಕಿಗೆ ಹಾಲಿನ ಕ್ಯಾನು ಕಟ್ಟಿತ್ತು. ಮುಚ್ಚಳ ತೆಗೆದರು. ಒಳಗೆ ಬಸವನಹುಳಗಳು ಗಿಜಿಗಿಜಿ ಎನ್ನುತ್ತಿದ್ದವು.

“ನೀವು ಕೊಟ್ಟ ಒಂದು ಕೊಸರು ಇಷ್ಟಾಗಿದೆ,” ಎಂದರು. “ಗಾಜಿನ ತುಂಬ ಇವೇ, ಮೀನು ಕಾಣಲ್ಲ. ವಾಪಸ್ ತಗೊಳ್ಳಿ.”

“ಕೊಸರನ್ನ ವಾಪಸ್ ತಗೊಳ್ಳಲ್ಲ ಅಂತ ರೂಲಿದೆ ಸ್ವಾಮಿ.”

“ಅದೊಂದು ಕೊಸರನ್ನ ನಾನೇ ಇಟ್ಕೊಂಡಿದ್ದೀನಿ. ಇವು ಅದರ ಮರಿ. ಮರೀನೂ ಕೊಸರು ಅಂತ ಎಲ್ಲಿ ಬರೆದಿದೆ, ತೋರ್ಸಿ.”

ಎಲ್ಲೂ ಬರೆದಿರಲಿಲ್ಲ. ಸತ್ತ ಮೀನಿಗೆ ದೂರು ಬರುವುದು ಎಲ್ಲ ಕಡೆ ಇದ್ದದ್ದೇ. ಅತಿಯಾಗಿ ಬದುಕಿದ್ದಕ್ಕೂ ದೂರು ತೆಗೆದುಕೊಂಡ ವ್ಯಾಪಾರಿ ನಾನೊಬ್ಬನೇ ಇರಬೇಕು. ಅವರು ನಮ್ಮ ಸ್ನಾನದ ಬಕೆಟ್ಟಿಗೆ ಕ್ಯಾನು ಸುರಿದು, ನನ್ನ ಕಣ್ಣೆದುರಿಗೇ ಒಂದು ಸ್ಟಾರ್ ಒತ್ತಿ, “ಬರ್ತೀನಿ ಅಕ್ಕಾ,” ಎಂದು ಸರೋಜಳಿಗೆ ಮಾತ್ರ ಹೇಳಿ ಹೋದರು.

ಮೊಬೈಲು ನೋಡಿದೆ. ಮೂರು ಪಾಯಿಂಟ್ ಒಂಬತ್ತು.

ಸರೋಜಳಿಗೆ ತೋರಿಸುವ ಅಗತ್ಯ ಬರಲಿಲ್ಲ. ನನ್ನ ಮುಖ ನೋಡಿಯೇ ಅವಳು ಸೆರಗು ಸಿಕ್ಕಿಸಿಕೊಂಡು ಮಿಷನ್ನಿನ ಒಂದು ತುದಿ ಹಿಡಿದಳು. “ಆ ಕಡೆ ಹಿಡೀರಿ,” ಎಂದಳು. ಹಿಡಿದೆ. ಭಾರವಿತ್ತು.

“ನೀನು ಬೆಳಗ್ಗೆ ಫೋನಲ್ಲಿ ಕೆಂಪು ಅಂದಿದ್ರೆ ಆಗ್ಲೇ ರೂಮು ಸಿಗ್ತಿತ್ತಲ್ಲೇ,” ಎಂದೆ ನಡುವೆ ನಿಂತು.

“ಅದಕ್ಕೆ ಸುಳ್ಳು ಯಾಕ್ರೀ ಹೇಳ್ಬೇಕು? ನೀವಿದ್ದೀರಲ್ಲ, ಹೆಂಗೂ ಕೊಡಿಸ್ತೀರಾ ಅಂತ ಗೊತ್ತಿತ್ತು.”

ತೊಟ್ಟಿಗಳನ್ನೆಲ್ಲ ಬೆಂಗಳೂರಿನ ಸಗಟು ವ್ಯಾಪಾರಿಯೇ ಬಂದು ಒಯ್ದ. ಹಸಿರು ಫೈಟರ್ ಒಂದು ಮಾತ್ರ ಉಳಿಯಿತು. ಬಾಟಲಿಯಲ್ಲಿ ಹಾಕಿ ಮಿಷನ್ ಪಕ್ಕದ ಕಿಟಕಿಯಲ್ಲಿಟ್ಟಿದ್ದೆವು. ಈಗ ಆ ರೂಮಿನಲ್ಲಿ ಬೆಳಕೋ ಬೆಳಕು. ಸರೋಜ ಟಾರ್ಚಿಲ್ಲದೆ ದಾರ ಪೋಣಿಸುತ್ತಾಳೆ. ನಾನು ಪಕ್ಕದ ಮಣೆಯ ಮೇಲೆ ಕೂತು ಬ್ಲೌಸುಗಳಿಗೆ ಹುಕ್ಕು ಹಾಕುತ್ತೇನೆ. ಅವಳ ಗಿರಾಕಿಗಳೂ ದೂರು ತರುತ್ತಾರೆ. “ಅಕ್ಕಾ, ತೋಳು ಬಿಗಿಯಾಯ್ತು,” ಎನ್ನುತ್ತಾರೆ. “ಕೊಡು, ಒಳಗೆ ಬಟ್ಟೆ ಬಿಟ್ಟಿದ್ದೀನಿ, ಸಡಿಲ ಮಾಡ್ತೀನಿ,” ಎನ್ನುತ್ತಾಳೆ. ಮುಗಿಯಿತು! ವಿಡಿಯೊ ಇಲ್ಲ, ನಿಯಮಾವಳಿ ಇಲ್ಲ. ಆಮೇಲೆ ಬಿಚ್ಚಬೇಕಾಗುತ್ತದೆ ಎಂದು ತಿಳಿದೇ ಹೊಲಿಯುವ ವಿದ್ಯೆ ನನಗೆ ಮಂಡಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊನ್ನೆ ಶ್ರೀನಿವಾಸಪುರದ ಕಡೆಯ ಹೆಂಗಸೊಬ್ಬಳು ಮಗಳ ಮದುವೆಗೆಂದು ಒಂದು ಹೊರೆ ಬ್ಲೌಸ್ ಪೀಸು ತಂದಳು. ಅಳತೆ ಎಲ್ಲ ಕೊಟ್ಟಾದ ಮೇಲೆ ಕೇಳಿದಳು, “ಇಷ್ಟೊಂದು ಹಾಕಿದ್ದೀನಿ. ಕೊಸರು ಏನೂ ಇಲ್ವಾ ಅಕ್ಕಾ?”

ಸರೋಜ ತಲೆ ಎತ್ತಲಿಲ್ಲ. ಕತ್ತರಿಯ ತುದಿಯಿಂದ ನನ್ನ ಕಡೆ ತೋರಿಸಿದಳು. “ಅಲ್ಲಿ ಕೂತಿದ್ದಾರಲ್ಲ, ತಗೊಂಡ್ಹೋಗು. ಆದ್ರೆ ಖಾತರಿ ಇಲ್ಲ, ವಾಪಸ್ ತಗೊಳ್ಳಲ್ಲ.”

ಆ ಹೆಂಗಸು ಒಂದು ಹೆಜ್ಜೆ ಮುಂದೆ ಬಂದು, ಮಂಡಿಯಲ್ಲಿ ಹರಾಜಿಗೆ ಮುಂಚೆ ಟೊಮ್ಯಾಟೊ ನೋಡುವ ಹಾಗೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಾನು ಸ್ವಲ್ಪ ನೆಟ್ಟಗೆ ಕೂತೆ.

“ಬೇಡ ಬಿಡಕ್ಕಾ,” ಎಂದಳು. “ಆ ಬಾಟ್ಲೀಲಿರೋ ಮೀನೇ ಕೊಡು.”

ಮೀನು ಶ್ರೀನಿವಾಸಪುರಕ್ಕೆ ಹೋಯಿತು. ನಾನು ಇಲ್ಲೇ ಇದ್ದೇನೆ.